ಎಡಗೆನ್ನೆಯ ಬೊಬ್ಬೆ

"ಇವಳ ಜೇನೇ ಕಣ್ರೀ ನಮ್ಮಕ್ಕನ ಮಕ ಸುಟ್ಟಿದ್ದು! ಈಗ್ಲೇ ಸ್ಟೇಷನ್ನಿಗೆ ಎಳ್ಕೊಂಡೋಯ್ತೀನಿ!" ಎಂದು ರಘು ಕೂಗಾಡುತ್ತಿದ್ದ.

ರಾವಂದೂರಿನ ಆ ಮನೆಯಂಗಳದಲ್ಲಿ, ಕಾಡಂಚಿನ ಹಾಡಿಯಿಂದ ಜೇನು ಮಾರಲು ಬರುವ ಕೇತಿ ಬುಟ್ಟಿ ತಬ್ಬಿಕೊಂಡು ನಿಂತಿದ್ದಳು. ಅವಳು ನನಗೆ ಫೋನ್ ಮಾಡಿ ಅತ್ತಿದ್ದಕ್ಕೇ ನಾನು ಸಿದ್ದಲಿಂಗಮ್ಮನವರನ್ನು ನನ್ನ ಆಟೊದಲ್ಲಿ ಕರೆತಂದಿದ್ದೆ. ಅವರು ನಿವೃತ್ತ ನರ್ಸು, ಆದರೆ ನಮ್ಮ ಪಿರಿಯಾಪಟ್ಟಣದ ಕಡೆ ಏನೇ ಕಿತಾಪತಿ ಆಗಲಿ, ಜನ ಪೊಲೀಸರಿಗಿಂತ ಮೊದಲು ಅವರನ್ನೇ ಕೇಳುತ್ತಾರೆ.

"ನಾನೂ ಅದ್ನೇ ತಿಂತೀನಿ ನರ್ಸಮ್ಮಾ," ಎಂದಳು ಕೇತಿ.

ನರ್ಸಮ್ಮ ರಘುವಿನ ಕೈಲಿದ್ದ ಬಾಟಲಿಯ ಜೇನನ್ನು ನೆಕ್ಕಿ ನೋಡಿ ಒಳಗೆ ಹೋದರು; ರಘುವೂ ನಾನೂ ಹಿಂದೆಯೇ ಹೋದೆವು. ರಘುವಿನ ಅಕ್ಕ ಸುನಂದಮ್ಮ, ಐವತ್ತೆಂಟರ ಹೆಂಗಸು, ಮುಖಕ್ಕೆ ಸೆರಗು ಹಿಡಿದು ಕೂತಿದ್ದರು. ಎಡಗೆನ್ನೆಯಿಂದ ಕುತ್ತಿಗೆಗೆ ನೀರು ಹರಿದ ಹಾಗೆ ಬೊಬ್ಬೆಗಳು. ಬಲಗೆನ್ನೆಗೆ ಏನೂ ಆಗಿರಲಿಲ್ಲ. ಬೆರಳ ತುದಿಗಳು ಕಪ್ಪಾಗಿದ್ದವು.

"ಜೇನು ಹಚ್ಕೊಂಡು ಏನ್ ಮಾಡಿದ್ರಿ?"

"ಸೋಮ್ವಾರ ಜಗುಲೀಲಿ ಹೊಗೆಸೊಪ್ಪು ಕಟ್ತಾ ಕೂತಿದ್ದೆ. ಎಡಗಡೆಯಿಂದ ಬಿಸಿಲು. ಬೊಬ್ಬೆ ಎದ್ದಿದ್ದು ಬುಧವಾರ."

ಮಂಚದ ಮೇಲಿದ್ದ ಅವರ ತಾಯಿ ಮರಮ್ಮ ಮಗಳತ್ತಲೇ ಕೈ ತೋರಿಸಿ, "ಯಾರವ್ವ ಈ ಮುದ್ಕಿ? ನಮ್ ಸುನಂದಿ ಇನ್ನೂ ಬರ್ನಿಲ್ವಲ್ಲ," ಎಂದರು. ಅವರ ಕೈಯಲ್ಲೊಂದು ಹಳೆಯ ಫೋಟೊ. ಅದರಲ್ಲಿ ಎರಡು ಜಡೆಯ ಸುನಂದಮ್ಮ.

"ಅವ್ವಂಗೆ ಮರೆವು," ಎಂದ ರಘು.

ನರ್ಸಮ್ಮ ಬಚ್ಚಲ ಕಿಟಕಿಯಿಂದ ಹಿಂಡಿದ ನಿಂಬೆ ಹೋಳುಗಳನ್ನು ತಂದರು. ಕೇತಿಯನ್ನೂ ಒಳಗೆ ಕರೆದು ಎಲ್ಲರನ್ನೂ ಕೂರಿಸಿದರು.

"ಜೇನು ಸುಡೋದಾದ್ರೆ ಎರಡು ಕೆನ್ನೇನೂ ಸುಡ್ಬೇಕಿತ್ತು. ಸುಟ್ಟಿರೋದು ಬಿಸಿಲು ಬಿದ್ದ ಕಡೆ ಮಾತ್ರ. ಜೇನು ಅಂಟು, ಹಿಂಗೆ ಹರಿಯಲ್ಲ, ಹರಿದಿರೋದು ನಿಂಬೆರಸ. ಹಿಂಡಿದ ಬೆರಳೂ ಕಪ್ಪಾಗವೆ. ನಿಂಬೆರಸ ಹಚ್ಕೊಂಡು ಬಿಸಿಲಿಗೆ ಕೂತ್ರೆ ಒಂದೆರಡು ದಿನ ಬಿಟ್ಟು ಬೊಬ್ಬೆ ಏಳ್ತದೆ. ಕೇತೀದು ಏನೂ ತಪ್ಪಿಲ್ಲ."

ಸುನಂದಮ್ಮ ತಲೆ ತಗ್ಗಿಸಿದರು. "ಜೇನಿನ ಜೊತೆ ನಿಂಬೆರಸಾನೂ ಹಚ್ಚಿದ್ರೆ ಸುಕ್ಕು ಹೋಯ್ತದೆ ಅಂತ ಮೊಬೈಲಲ್ಲಿ ಹೇಳಿದ್ರು."

"ಹೋಗಲ್ಲ ಕಣವ್ವ. ಜೇನಿಗೂ ಹೋಗಲ್ಲ."

ರಘು ನಕ್ಕುಬಿಟ್ಟ. "ಈ ವಯಸ್ನಲ್ಲಿ ಯಾರಿಗ್ ತೋರ್ಸಕ್ಕೆ ಈ ಶೋಕಿ, ಅಕ್ಕ?"

ನರ್ಸಮ್ಮ ಮರಮ್ಮನ ಕೈಯಲ್ಲಿದ್ದ ಫೋಟೊವನ್ನು ತೆಗೆದು ಅವನ ಕೈಗಿಟ್ಟರು.

"ಅವ್ವಂಗೆ ಕಣೋ," ಎಂದರು ಸುನಂದಮ್ಮ. "ಒಂದ್ಸಲ ನನ್ನ ಸುನಂದಿ ಅನ್ಲಿ ಅಂತ. ಅದ್ನ ಹೇಳ್ಕಳಕ್ಕೆ ನಾಚ್ಕೆಯಾಗಿ ನಿನ್ ಮೇಲೆ ಹಾಕ್ಬುಟ್ಟೆ ಕೇತಿ. ತಪ್ಪಾಯ್ತು."

ಕೇತಿ ಕಣ್ಣೊರೆಸಿಕೊಂಡಳು. "ಬುಡಕ್ಕ."

ಮರಮ್ಮ ಮಂಚದಿಂದ ಬಗ್ಗಿ ಆ ಕೆನ್ನೆಯನ್ನೇ ನೋಡುತ್ತಿದ್ದರು. "ಯಾರ್ ಮಗಳೋ, ಪಾಪ. ಉರೀತದಾ?"

"ಊಂ ಕಣವ್ವ."

ಮರಮ್ಮ ಮಗಳ ಗದ್ದ ಹಿಡಿದು, ಬೊಬ್ಬೆಗಳ ಮೇಲೆ ಮೆಲ್ಲಗೆ ಊದತೊಡಗಿದರು. ಸುನಂದಮ್ಮ ಕಣ್ಣು ಮುಚ್ಚಿ ಕೆನ್ನೆ ಒಡ್ಡಿದರು.