ಚಿಕ್ಕಪ್ಪನ ಎಡೆಗೆ ಇಟ್ಟ ಮೊಬೈಲ್

ದೆವ್ವ ಗಿವ್ವ ನಂಬುವವನಲ್ಲ ನಾನು. ಆದರೂ ಈ ಸಲದ ಪಿತೃಪಕ್ಷದಲ್ಲಿ, ಹಾಡುಹಗಲೇ, ಸೋಸಲೆಯ ನಮ್ಮ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಹೋದ ವರ್ಷ ತೀರಿಕೊಂಡ ಚಿಕ್ಕಪ್ಪ ಮರಿಯಯ್ಯನಿಗೆ ಮೊಬೈಲಿನಲ್ಲಿ ಲೂಡೋ ಆಡುವ ಹುಚ್ಚು. ಫೋನನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಪಾಸ್‌ವರ್ಡನ್ನೂ ಹೇಳದೆ ಹೋಗಿಬಿಟ್ಟ. ನರಸೀಪುರದ ಮೊಬೈಲ್ ಅಂಗಡಿಯವನು, "ಒಳಗಿರೋದೆಲ್ಲ ಅಳಿಸಿದ್ರೆ ಮಾತ್ರ ಲಾಕ್ ತೆಗೀಬೋದು ಸಾ" ಅಂದ. ಚಿಕ್ಕವ್ವ ಚಲುವಮ್ಮ ಸುತಾರಾಂ ಒಪ್ಪಲಿಲ್ಲ.

"ಒಳಗೇನೈತೆ ಅಂತ್ಲೇ ನಾನು ನೋಡ್ಬೇಕಾಗಿರದು. ಅಳಿಸ್ಬುಟ್ರೆ ಇನ್ನೇನ್ಲಾ ನೋಡದು?"

ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವುದು ನಮ್ಮಲ್ಲಿ ವಾಡಿಕೆ. ಮುದ್ದೆ, ಕೋಳಿಸಾರು, ಒಂದು ಕಟ್ಟು ಬೀಡಿ, ಪಕ್ಕದಲ್ಲಿ ಚಾರ್ಜ್ ಮಾಡಿ ವಿಭೂತಿ ಬಳಿದ ಫೋನು. ಹಿರಿಯರು ಉಂಡು ಹೋಗಲೆಂದು ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಬೀಡಿ ವಾಸನೆ ಬಂತು. ನಾವು ಬೀಡಿ ಹಚ್ಚಿರಲಿಲ್ಲ. ಆಮೇಲೆ ಲೂಡೋದ ದಾಳ ಉರುಳುವ ಸದ್ದು, ಒಂದಲ್ಲ, ಆರೇಳು ಸಲ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಬಾಗಿಲು ತೆಗೆದಾಗ ಫೋನಿನ ಲಾಕ್ ತೆರೆದಿತ್ತು. ಮುಟ್ಟಿದರೆ ಬಿಸಿ. ವಿಭೂತಿಯ ಮೇಲೆ ಹೆಬ್ಬೆಟ್ಟಿನ ಗುರುತು.

"ಕೊಡ್ಲಾ ಇಲ್ಲಿ" ಎಂದು ಚಿಕ್ಕವ್ವ ಫೋನು ಕಿತ್ತುಕೊಂಡು ಕನ್ನಡಕ ಏರಿಸಿದಳು. ಫೋಟೊ ಹುಡುಕಿದಳು, ಮೆಸೇಜ್ ಹುಡುಕಿದಳು, ಕಾಲ್ ಲಿಸ್ಟ್ ಹುಡುಕಿದಳು. ಲೂಡೋ ಒಂದನ್ನು ಬಿಟ್ಟು ಎಲ್ಲವೂ ಅಳಿಸಿಹೋಗಿತ್ತು.

ಅವಳು ಎಡೆಯ ಕಡೆ ತಿರುಗಿದಳು. ಮುದ್ದೆ ಇಟ್ಟ ಹಾಗೇ ಇತ್ತು.

"ಊಟಕ್ಕೆ ಬಂದಿದ್ದಲ್ಲ ಕಣ್ಲಾ ನಿಮ್ ಚಿಕ್ಕಪ್ಪ" ಎಂದಳು.