ಹದಿನೇಳನೆಯ ಕಂಬದ ಮರಳು

ಮಳೆ ಸುರಿಯುತ್ತಿತ್ತು. ಕಂಬದ ಮೇಲಿನ ಪೆಟ್ಟಿಗೆಗೆ ಮಾತ್ರ ಒಂದು ಹನಿಯೂ ತಾಗುತ್ತಿರಲಿಲ್ಲ. ಬೆರಳಗಲದಷ್ಟು ದೂರದಲ್ಲೇ ಹನಿಗಳು ಒಡೆದು ಹೊಗೆಯಂತೆ ಚದುರಿಹೋಗುತ್ತಿದ್ದವು. ಡಾ. ಮೃಣಾಲಿನಿ ಕೊಡೆ ಹಿಡಿದು ಅದನ್ನೇ ನೋಡುತ್ತ ನಿಂತಳು. ಆ ‘ಒಣಪೊರೆ’ ಅವಳ ಹತ್ತು ವರ್ಷಗಳ ಕೆಲಸ.

ಅಣುಸ್ಥಾವರದ ಸುತ್ತ ನೆಟ್ಟ ವಿಕಿರಣ ಮಾಪಕಗಳಿಗೆ ಮೊದಲಿನಿಂದಲೂ ತೇವವೇ ಶತ್ರು. ಕರಾವಳಿಯ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಹಸಿ ಸೇರಿ ಎಣಿಕೆ ಏರುಪೇರಾಗುತ್ತಿತ್ತು. ಸಣ್ಣ ವ್ಯತ್ಯಾಸವನ್ನು ಯಾರೂ ನಂಬುತ್ತಿರಲಿಲ್ಲ. ಒಣಪೊರೆ ಕಣ್ಣಿಗೆ ಕಾಣದಷ್ಟು ವೇಗವಾಗಿ ಕಂಪಿಸಿ ನೀರನ್ನು ದೂರ ತಳ್ಳುತ್ತದೆ. ಈಗ ಸಾವಿರದ ಇನ್ನೂರು ಕಂಬಗಳು ಅದನ್ನು ಹೊದ್ದಿದ್ದವು.

ಹೊಸಕೋಡಿಯ ಹದಿನೇಳನೆಯ ಕಂಬದ ಅಂಕಿ ಮಾತ್ರ ಒಂದು ತಿಂಗಳಿನಿಂದ ಸರಿಯಿರಲಿಲ್ಲ. ಏರಿರಲಿಲ್ಲ, ಸೊನ್ನೆಗಿಂತ ಕೆಳಗಿಳಿದಿತ್ತು. ಪ್ರತಿ ಮಾಪಕವೂ ನೆಟ್ಟ ದಿನ ಆ ನೆಲದ ಸಹಜ ವಿಕಿರಣವನ್ನು ಅಳೆದು, ಅದನ್ನೇ ಸೊನ್ನೆಯೆಂದು ಇಟ್ಟುಕೊಳ್ಳುತ್ತದೆ. ಇಳಿಕೆಗೆ ಯಾರೂ ಹೆದರುವುದಿಲ್ಲ. ಹಳ್ಳಿ ಮೊದಲಿಗಿಂತ ಶುದ್ಧವಾಯಿತೆಂದು ಕಚೇರಿಯಲ್ಲಿ ನಕ್ಕರು. ಮೃಣಾಲಿನಿಗೆ ನಗು ಬರಲಿಲ್ಲ. ಒಳಗೆ ತೇವ ಹೊಕ್ಕಿದ್ದರೆ ಒಣಪೊರೆ ಸೋತಂತೆ. ಆಮೇಲೆ ಯಾವ ಕಂಬವನ್ನೂ ನಂಬುವಂತಿಲ್ಲ.

ಪೆಟ್ಟಿಗೆ ತೆರೆದಳು. ಒಳಗಿದ್ದ ಕಾಗದದ ಚೀಟಿ ಗರಿಗರಿಯಾಗಿತ್ತು. ಮನಸ್ಸು ಹಗುರಾಯಿತು. ಆಗ ಕೆಳಗೆ ನೋಡಿದಳು. ನೆರೆನೀರು ತಾಗದಂತೆ ಕಂಬದ ಬುಡಕ್ಕೆ ಅವಳೇ ಇಡಿಸಿದ್ದ ಹನ್ನೆರಡು ಮರಳಿನ ಚೀಲಗಳಲ್ಲಿ ಒಂಬತ್ತೇ ಇದ್ದವು.

ಎದುರುಮನೆಯ ಗುಲಾಬಿ, ಮೀನು ಮಾರುವವಳು, ಜಗಲಿಯಿಂದಲೇ ಕರೆದು, ಚೀಲ ಒಯ್ದದ್ದು ತಾನೇ ಎಂದು ಒಪ್ಪಿಕೊಂಡಳು. ಮಗಳು ಹೆತ್ತು ತಿಂಗಳಾಗಿತ್ತು. ಬಾಣಂತಿ ಕೋಣೆಯ ನೆಲ ಜಿನುಗುತ್ತಿತ್ತೆಂದು ಚಾಪೆಯಡಿ ಮರಳು ಹಾಸಿದ್ದಳು. ಮಗುವಿನ ತಲೆ ದುಂಡಗಾಗಲೆಂದು ಹೊಲಿದ ಸಾಸಿವೆ ದಿಂಬು ಬೂಷ್ಟು ಹಿಡಿದಾಗ, ಅದಕ್ಕೂ ಅದೇ ಮರಳನ್ನು ತುಂಬಿದ್ದಳು.

“ಬೈಬೇಡಿ ಅಮ್ಮಾ, ಮಳೆ ಬಿಟ್ಟ ಮೇಲೆ ತುಂಬಿ ಕೊಡ್ತೆ. ನಿಮ್ಮ ಪೆಟ್ಟಿಗೆಗೆ ಶೀತ ಆಗ್ಬಾರ್ದು, ನಮ್ಮ ಮಗುವಿಗೆ ಆಗ್ಬಹುದಾ?”

ಮೃಣಾಲಿನಿ ಜಗಲಿ ಹತ್ತಿ ಬಗ್ಗಿ ನೋಡಿದಳು. ಜಗಲಿಯ ಮೇಲೆ ಚೆಲ್ಲಿದ್ದ ಮರಳು ಕಪ್ಪಗಿತ್ತು, ರಾಗಿಯಂತೆ ನಯವಾಗಿತ್ತು. ಕೆಲವು ಕಡಲದಂಡೆಗಳಲ್ಲಿ ವಿಕಿರಣ ಸೂಸುವ ಥೋರಿಯಂ ಬೆರೆತ ಇಂಥ ಮರಳು ಸಿಗುತ್ತದೆ. ಚೀಲಗಳನ್ನು ಎಲ್ಲಿಂದ ತುಂಬಿಸಿದರೆಂದು ಅವಳು ಅಂದು ಕೇಳಿರಲಿಲ್ಲ. ಅವುಗಳನ್ನು ಜೋಡಿಸಿದ ಮೇಲೆಯೇ ಮಾಪಕಕ್ಕೆ ಸೊನ್ನೆ ಗೊತ್ತುಮಾಡಿದ್ದಳು; ಮರಳಿನ ವಿಕಿರಣವೂ ಆ ಸೊನ್ನೆಯೊಳಗೇ ಸೇರಿಹೋಗಿತ್ತು. ಪೆಟ್ಟಿಗೆ ಸುಳ್ಳು ಹೇಳಿರಲಿಲ್ಲ. ವಿಕಿರಣ ತನ್ನ ಬುಡದಿಂದ ಎದ್ದು ಬೇರೆಲ್ಲಿಗೋ ಹೋಯಿತೆಂದು ತಿಂಗಳಿನಿಂದ ಹೇಳುತ್ತಲೇ ಇತ್ತು.

ಒಳಗೆ ಹೋಗಿ ಕೈಮಾಪಕವನ್ನು ದಿಂಬಿನ ಬಳಿ ಹಿಡಿದಳು. ಬಿಡಿಬಿಡಿಯಾಗಿದ್ದ ಟಿಕ್ ಸದ್ದು ಬಾಣಲೆಯಲ್ಲಿ ಅರಳು ಸಿಡಿದಂತಾಯಿತು. ಬಾಣಂತಿ ಎದ್ದು ಕುಳಿತಳು. ಮೃಣಾಲಿನಿ ಮಗುವಿನ ತಲೆಯಡಿ ಅಂಗೈ ತೂರಿಸಿ ಎತ್ತಿಕೊಂಡು, ಎಲ್ಲರೂ ಹೊರಗೆ ಬರಬೇಕೆಂದಳು. ಆ ಮರಳನ್ನು ಇನ್ನು ಯಾರೂ ಮುಟ್ಟಬಾರದೆಂದಳು.

ಗುಲಾಬಿಯ ದನಿ ಕುಗ್ಗಿತು. “ನೀವೇ ಇಡಿಸಿದ ಚೀಲ ಅಲ್ದಾ ಅಮ್ಮಾ? ಅದಕ್ಕೇ ನಂಬಿ ತಂದದ್ದು.”

ದಿಂಬಿನ ನಡುವೆ ಮಗುವಿನ ತಲೆಯಷ್ಟೇ ದುಂಡಗಿನ ಗುಳಿ ಉಳಿದಿತ್ತು. ಕಿಟಕಿಯಾಚೆ, ಸುರಿಯುವ ಮಳೆಯಲ್ಲಿ, ಪೆಟ್ಟಿಗೆಯ ಮೇಲೆ ಒಂದು ಹನಿಯೂ ಇರಲಿಲ್ಲ. ಅದರ ಹಸಿರು ದೀಪ ಉರಿಯುತ್ತಲೇ ಇತ್ತು.