ಕಾಳುಗಟ್ಟದ ಹನಿ

"ಸ್ಯಾಂಪಲ್ ಸೀಸೆ ಅದಲುಬದಲು ಮಾಡಿದ್ದೀರಾ?"

ಮಕ್ಕಳ ಡಾಕ್ಟರ್ ಬಾಗಿಲು ತಳ್ಳಿಕೊಂಡು ಬಂದ ರಭಸಕ್ಕೆ ಲ್ಯಾಬಿನಲ್ಲಿ ರೋಗಾಣು ಪರೀಕ್ಷಿಸುವ ಆಕೆ ತಟ್ಟನೆ ಎದ್ದು ನಿಂತಳು.

ದಿನವೂ ರಿಪೋರ್ಟಿನ ನೆಪ ಹೇಳಿಕೊಂಡು ಬರುವವನು. "ಫೋನ್ ಮಾಡಿದ್ರೆ ಸಾಕಿತ್ತಲ್ಲಾ ಡಾಕ್ಟ್ರೇ" ಎಂದು ಕಿಚಾಯಿಸಿದರೆ ಕಿವಿಯವರೆಗೂ ಕೆಂಪಾಗುವವನು. ಅವನೇನಾ ಇವನು?

"ಇಲ್ಲ... ನಾನು..."

"ನನ್ನ ಅಕ್ಕನ ಮಕ್ಕಳು, ಪುಟ್ಟಿ, ಅವಳಣ್ಣ, ಇಬ್ಬರೂ ಒಂದೇ ತಟ್ಟೇಲಿ ತಿಂದವರು. ಇಬ್ಬರಿಗೂ ರಕ್ತಭೇದಿ. ಆದ್ರೆ ಅಣ್ಣನ ರೋಗಾಣು ಒಂದು ಬಗೆ, ಪುಟ್ಟಿದು ಇನ್ನೊಂದು ಅಂತೀರಿ! ಮೊದಲ ಔಷಧಿ ಇಬ್ಬರಿಗೂ ನಾಟಲಿಲ್ಲ. ಅವನೇನೋ ಇಂಜೆಕ್ಷನ್‌ಗೆ ಎದ್ದು ಕೂತ. ಇವಳಿಗೆ ಮೂತ್ರಪಿಂಡ ಸೋಲ್ತಿದೆ... ಆ ಇಂಜೆಕ್ಷನ್ ಅದಕ್ಕೇ ಭಾರ. ನಾಟುತ್ತೆ ಅನ್ನೋ ಧೈರ್ಯ ಇಲ್ದೆ ಹೇಗೆ ಚುಚ್ಚಲಿ?"

ಅವನ ದನಿ ಒಡೆಯಿತು. ತಿರುಗಿ ನೋಡದೆ ಹೋದ.

ನಾನೇ ತಪ್ಪಿದೆನೇ? ದೇವರೇ, ಆ ಕೂಸಿನ ಜೀವ ನನ್ನ ಬೆರಳ ತುದಿಯಲ್ಲಿ ಜಾರಿತೇ?

ಆಕೆ ಮತ್ತೆ ಗಾಜಿನ ಪಟ್ಟಿ ತೆಗೆದಳು. ರೋಗಾಣುವಿನ ಹನಿಗೆ ಗುರುತು ಹಿಡಿಯುವ ಸೀರಮ್ ಬೆರೆಸಿ, ತೊಟ್ಟಿಲಿನಂತೆ ಮೆಲ್ಲಗೆ ತೂಗಿದಳು. ಅಣ್ಣನ ಹನಿ ಒಡೆದ ಹಾಲಿನಂತೆ ಕಾಳುಗಟ್ಟಿತು. ಪುಟ್ಟಿಯದು...

ಒಡೆಯದೆ ನಿಂತ ಹಾಲು. ಒಂದು ಕಾಳೂ ಇಲ್ಲ!

ಆಗಲೇ ಹೊಳೆಯಿತು. ಈ ಸೀರಮ್ ನೋಡುವುದು ರೋಗಾಣುವಿನ ಮೈಮೇಲಿನ ಸಕ್ಕರೆಯನ್ನಷ್ಟೇ. ಒಳಗನ್ನಲ್ಲ!

ಎರಡೂ ರೋಗಾಣುಗಳನ್ನು ಜೀನ್ ಓದುವ ಯಂತ್ರಕ್ಕೆ ಕೊಟ್ಟು ಕಾದಳು. ತುಟಿಯಲ್ಲಿ ಪ್ರಾರ್ಥನೆ, ಕಿವಿಯೆಲ್ಲ ವಾರ್ಡಿನ ಕಡೆ. ಅಲ್ಲಿಂದ ಯಾರಾದರೂ ಅತ್ತ ದನಿ ಕೇಳಿದರೆ?

ಉತ್ತರ ಬಂದದ್ದೇ, ಮೆಟ್ಟಿಲುಗಳನ್ನು ಓಡುತ್ತಾ ಏರಿದಳು.

"ಡಾಕ್ಟ್ರೇ! ಸೀಸೆ ಬದಲಾಗಿಲ್ಲ, ರೋಗಾಣುವೂ ಬದಲಾಗಿಲ್ಲ. ಪುಟ್ಟಿಯ ರೋಗಾಣುವಿನೊಳಗೆ ಒಂದು ವೈರಸ್ ಹೊಕ್ಕು ತನ್ನ ಜೀನ್ ಬಿಟ್ಟಿದೆ. ಆ ಜೀನ್ ಮೈಮೇಲಿನ ಸಕ್ಕರೆಗೆ ಇನ್ನೊಂದು ಸಕ್ಕರೆ ಅಂಟಿಸಿದೆ, ಅಷ್ಟೇ. ಒಳಗೆಲ್ಲಾ ಅಣ್ಣನದೇ. ಇಂಜೆಕ್ಷನ್ ತಡೆಯೋ ಜೀನ್ ಎರಡರಲ್ಲೂ ಇಲ್ಲ!"

ಅವನು ಆಕೆಯ ಮುಖವನ್ನೂ ನಡುಗುವ ಕೈಯನ್ನೂ ಒಮ್ಮೆ ನೋಡಿದ. ಏನೂ ಕೇಳದೆ ಇಂಜೆಕ್ಷನ್ ಕೈಗೆತ್ತಿಕೊಂಡ.

ಮಾರನೆಯ ಬೆಳಿಗ್ಗೆ ಮಂಚಕ್ಕೆ ತೂಗಿದ್ದ ಮೂತ್ರದ ಚೀಲ ತುಂಬತೊಡಗಿತ್ತು. ಪುಟ್ಟಿ ಕಣ್ಣು ತೆರೆದು, "ಮಾಮಾ, ಗಡ್ಡ ಚುಚ್ಚುತ್ತೆ, ಆಚೆ ಹೋಗು" ಎಂದು ಗೊಣಗಿದಳು. ಅವನು ನಗುತ್ತಲೇ ಅತ್ತುಬಿಟ್ಟ.

ಬಾಗಿಲಲ್ಲಿ ನಿಂತಿದ್ದ ಆಕೆಯ ಬಳಿ ಬಂದ.

"ನಿಮ್ಮ ಮೇಲೆ ಕೂಗಾಡಿದೆ. ಭಯ... ಪುಟ್ಟಿ ಹೋದ್ರೆ ಅಂತ. ಆಮೇಲೆ ನೀವೂ ಇನ್ನು ಮಾತಾಡಲ್ವೇನೋ ಅಂತ."

"ಮಾತಾಡಲ್ಲ ಅಂತಲೇ ಇದ್ದೆ."

"ಮತ್ತೆ?"

"ರಿಪೋರ್ಟ್ ಹೇಳೋಕೆ ಬಂದೆ."

"ಫೋನ್ ಮಾಡಿದ್ರೆ ಸಾಕಿತ್ತಲ್ಲಾ..."

ಈ ಬಾರಿ ಕೆಂಪೇರಿದ್ದು ಆಕೆಯ ಕಿವಿ. ಅವನು ಮೆಲ್ಲನೆ ಆಕೆಯ ಕೈ ಹಿಡಿದ.

"ಇನ್ನೂ ನಡುಗ್ತಿದೆ."

"ಇದು ಬೇರೆ ಭಯ."

"ಬಿಡಲಾ?"

"ಬಿಟ್ಟರೆ ನೋಡಿ..."